‘ಎಸ್‌ಯುವಿ ಅಂದ್ರೆ ಗಟ್ಟಿ ಗಾಡಿ, ನೀರಿಗೂ ಇಳಿಸಬಹುದು’: ಈ ಮಾತು ಎಷ್ಟು ನಿಜ? ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳುವವರು, ಇಟ್ಟುಕೊಂಡವರು ತಿಳಿಯಬೇಕಾದದ್ದು

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ಓಡಾಡತೊಡಗುತ್ತದೆ. ರಸ್ತೆ ತುಂಬ ನೀರು. ಸಣ್ಣ ಕಾರುಗಳೆಲ್ಲ ಬದಿಗೆ ನಿಂತಿವೆ. ಎತ್ತರದ ಗಾಡಿಯೊಂದು ಮಾತ್ರ ಎರಡೂ ಕಡೆ ನೀರು ಚಿಮ್ಮಿಸುತ್ತಾ ದಾಟಿ ಹೋಗುತ್ತದೆ. ಕೆಳಗೆ ಒಂದು ಸಾಲು: ‘ಅದಕ್ಕೇ ಹೇಳೋದು, ತಗೊಂಡ್ರೆ ಎಸ್‌ಯುವಿನೇ ತಗೋಬೇಕು.’

ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ಆ ಗಾಡಿ ಮುಂದಿನ ತಿರುವಿನಲ್ಲಿ ನಿಂತುಹೋಯಿತೇ, ಎಂಜಿನ್ ರಿಪೇರಿಗೆ ಎಷ್ಟಾಯಿತು ಎಂಬುದನ್ನು ಯಾರೂ ತೋರಿಸುವುದಿಲ್ಲ. ನೋಡಿದವರು ಮಾತ್ರ ‘ಎಸ್‌ಯುವಿ ಇದ್ದರೆ ಭಯವಿಲ್ಲ’ ಎಂದುಕೊಳ್ಳುತ್ತಾರೆ. ಈ ನಂಬಿಕೆ ಜೇಬಿಗೂ ಹೊಡೆತ ಕೊಡಬಲ್ಲದು, ಜೀವಕ್ಕೂ ಕುತ್ತು ತರಬಲ್ಲದು. ಹಾಗಾಗಿ ಇಂದು ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಕಾಂಪ್ಯಾಕ್ಟ್ ಎಸ್‌ಯುವಿ ನಿಜಕ್ಕೂ ಏನು, ಜನ ಅದನ್ನೇ ಯಾಕೆ ಕೊಳ್ಳುತ್ತಾರೆ, ಕೊಂಡ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ನಿಜಕ್ಕೂ ಎಸ್‌ಯುವಿಯೇ?

ಹಳೆಯ ಜೀಪು, ಬೊಲೆರೊಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಏಣಿಯಂತಹ ಗಟ್ಟಿ ಉಕ್ಕಿನ ಚೌಕಟ್ಟು, ಅದರ ಮೇಲೆ ಬೇರೆಯಾಗಿ ಕೂರಿಸಿದ ಬಾಡಿ. ಹೊಲ, ಕಾಡು, ಕಲ್ಲುದಾರಿಗೆ ಹೇಳಿಮಾಡಿಸಿದ ವಿನ್ಯಾಸ ಅದು.

ಇಂದಿನ ಕಾಂಪ್ಯಾಕ್ಟ್ ಎಸ್‌ಯುವಿಗಳು ಬಹುತೇಕ ಹಾಗಿಲ್ಲ. ಮಾಮೂಲಿ ಕಾರಿನಂತೆ ಇವುಗಳಲ್ಲೂ ಬಾಡಿ ಮತ್ತು ಚೌಕಟ್ಟು ಒಂದೇ. ಇದಕ್ಕೆ ಮೋನೊಕಾಕ್ ಎನ್ನುತ್ತಾರೆ. ಹೆಚ್ಚಿನವುಗಳಲ್ಲಿ ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಕಾರಿನ ತಳಹದಿ, ಎಸ್‌ಯುವಿಯ ನಿಲುವು ಎರಡೂ ಸೇರಿದ ಇಂಥ ಗಾಡಿಗೆ ಸರಿಯಾದ ಹೆಸರು ಕ್ರಾಸ್‌ಓವರ್. ಜಪಾನಿನಲ್ಲಿ 1994ರಲ್ಲಿ ಬಂದ ಟೊಯೋಟಾ ರಾವ್4 ಈ ಜಾತಿಯ ಮೊದಲಿಗರಲ್ಲಿ ಒಂದು.

ಇನ್ನೊಂದು ತಮಾಷೆಯ ಸಂಗತಿ. ನಮ್ಮ ದೇಶದ ತೆರಿಗೆ ನಿಯಮದಲ್ಲಿ ಎಸ್‌ಯುವಿ ಎನ್ನಿಸಿಕೊಳ್ಳಲು ಎಂಜಿನ್ 1500 ಸಿಸಿ ಮೀರಿರಬೇಕು, ಉದ್ದ 4 ಮೀಟರ್ ದಾಟಿರಬೇಕು, ನೆಲದಿಂದ ಎತ್ತರ ಕನಿಷ್ಠ 170 ಮಿಲಿಮೀಟರ್ ಇರಬೇಕು. ಅಂದರೆ 4 ಮೀಟರ್‌ಗಿಂತ ಚಿಕ್ಕದಾದ ನಿಮ್ಮ ‘ಕಾಂಪ್ಯಾಕ್ಟ್ ಎಸ್‌ಯುವಿ’ ಜಾಹೀರಾತಿನಲ್ಲಿ ಎಸ್‌ಯುವಿ, ತೆರಿಗೆ ಪುಸ್ತಕದಲ್ಲಿ ಅಲ್ಲ!

4 ಮೀಟರ್‌ನ ಲೆಕ್ಕಾಚಾರ

ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್, ಫ್ರಾಂಕ್ಸ್. ಕಂಪನಿಗಳು ಬೇರೆ ಬೇರೆ. ಆದರೆ ಇವೆಲ್ಲದರ ಉದ್ದ 3995 ಮಿಲಿಮೀಟರ್. ಇದು ಕಾಕತಾಳೀಯವಲ್ಲ.

2006ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಲಾಯಿತು. ಅಂದಿನಿಂದ ಕಂಪನಿಗಳು ಈ ಗೆರೆಯೊಳಗೇ ಗಾಡಿ ಕೂರಿಸಲು ಶುರುಮಾಡಿದವು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಬಂದು ಜನಪ್ರಿಯವಾಯಿತು. 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ, 2020ರಲ್ಲಿ ಸೋನೆಟ್ ಬಂದವು.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಹೊಸ ಜಿಎಸ್‌ಟಿಯಲ್ಲೂ ಇದೇ ಗೆರೆ ಉಳಿದಿದೆ. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ಶೇ. 18 ತೆರಿಗೆ. ಮೀರಿದರೆ ಶೇ. 40. ಇಲ್ಲಿ ಉದ್ದ ಒಂದನ್ನೇ ನೋಡಿದರೆ ಸಾಲದು. ಬ್ರೆಝಾದ ಉದ್ದ 4 ಮೀಟರ್ ಒಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಹಾಗಾಗಿ ಅದು ಶೇ. 40ರ ಸಾಲಿಗೆ ಬರುತ್ತದೆ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗುವ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಉದ್ದದಲ್ಲೇ 4 ಮೀಟರ್ ದಾಟಿದ ಗಾಡಿಗಳು.

ಇದರ ಮೇಲೆ ರಾಜ್ಯದ ರಸ್ತೆ ತೆರಿಗೆ ಬೇರೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ. 14, 10 ಲಕ್ಷ ದಾಟಿದರೆ ಶೇ. 17, ಜೊತೆಗೆ ಸೆಸ್. ಸನ್‌ರೂಫ್ ಬೇಕೆಂದು ಒಂದು ಮೆಟ್ಟಿಲು ಮೇಲಿನ ಮಾಡೆಲ್ ಆರಿಸಿಕೊಂಡು ಬೆಲೆ 10 ಲಕ್ಷದ ಗೆರೆ ದಾಟಿದರೆ, ಸನ್‌ರೂಫಿನ ಬೆಲೆಯ ಜೊತೆ ಇಡೀ ಗಾಡಿಯ ಮೇಲಿನ ರಸ್ತೆ ತೆರಿಗೆಯೂ ಏರುತ್ತದೆ. ಶೋರೂಂ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಆನ್‌ರೋಡ್ ಬೆಲೆಯನ್ನು ಬರೆಸಿಕೊಳ್ಳಿ.

ಜನ ಯಾಕೆ ಇದನ್ನೇ ಕೇಳುತ್ತಾರೆ?

2023-24ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯುಟಿಲಿಟಿ ವಾಹನಗಳೇ. 2024ರಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್ ಎಂಬ ಪುಟ್ಟ ಎಸ್‌ಯುವಿ. ಸುಮಾರು 40 ವರ್ಷಗಳಿಂದ ಮೊದಲ ಸ್ಥಾನ ಬಿಟ್ಟುಕೊಡದಿದ್ದ ಮಾರುತಿಯನ್ನು ಅದು ಹಿಂದಿಕ್ಕಿತು. ಜನ ಸುಮ್ಮನೆ ಮರುಳಾಗಿಲ್ಲ. ಇದಕ್ಕೆ ಸರಿಯಾದ ಕಾರಣಗಳಿವೆ.

ಮೊದಲನೆಯದು ಹಂಪ್ ಮತ್ತು ಗುಂಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಊರಿನ ಹಂಪ್‌ಗಳು ಹೇಗಿರುತ್ತವೆ ಎಂದು ನಿಮಗೇ ಗೊತ್ತು. ಸ್ವಿಫ್ಟ್‌ನ ತಳ ನೆಲದಿಂದ 163 ಮಿಲಿಮೀಟರ್ ಮೇಲಿದ್ದರೆ ನೆಕ್ಸಾನ್‌ನದು 208. ಐದು ಜನ, ಲಗೇಜು ತುಂಬಿದಾಗ ಗಾಡಿ ಕುಗ್ಗುತ್ತದೆ. ಆಗ ಆ 4 ಸೆಂಟಿಮೀಟರ್ ವ್ಯತ್ಯಾಸ ದೊಡ್ಡದೇ.

ಎರಡನೆಯದು ಸೀಟಿನ ಎತ್ತರ. ಮಂಡಿ ನೋವಿರುವ ಅಪ್ಪ ಅಮ್ಮ ತಗ್ಗಿನ ಕಾರಿನೊಳಗೆ ಕುಸಿದು ಕೂರಬೇಕಿಲ್ಲ, ಏಳಲು ಒದ್ದಾಡಬೇಕಿಲ್ಲ. ಮೂರನೆಯದು, ಓಡಿಸುವವರಿಗೆ ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ. ನಾಲ್ಕನೆಯದು, 4 ಮೀಟರ್ ಒಳಗಿರುವುದರಿಂದ ಇಕ್ಕಟ್ಟಿನ ಬೀದಿಯಲ್ಲೂ ತಿರುಗಿಸಬಹುದು.

ಇದಕ್ಕೆ ತೆರುವ ಬೆಲೆಯೂ ಇದೆ. ಎತ್ತರದ, ಭಾರದ ಗಾಡಿ ಗಾಳಿಯನ್ನು ಹೆಚ್ಚು ಸೀಳಬೇಕಾದ್ದರಿಂದ ಹೈವೇಯಲ್ಲಿ ಹೆಚ್ಚು ಇಂಧನ ಕುಡಿಯುತ್ತದೆ. ಟೈರ್ ದೊಡ್ಡದು, ಹಾಗಾಗಿ ದುಬಾರಿ. ಸಾಲ ಮಾಡಿ ಕೊಳ್ಳುವವರು ತಿಂಗಳ ಕಂತಿನ ಜೊತೆ ಇನ್ಶೂರೆನ್ಸ್, ಸರ್ವಿಸ್, ಮೂರ್ನಾಲ್ಕು ವರ್ಷಕ್ಕೊಮ್ಮೆ ಬರುವ ಟೈರ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಇನ್ನು ಫಾರ್ವರ್ಡ್‌ಗಳ ನಂಬಿಕೆಗಳಿಗೆ ಬರೋಣ.

ನಂಬಿಕೆ 1: ಎತ್ತರದ ಗಾಡಿ, ನೀರಿಗೆ ಇಳಿಸಬಹುದು

ತಪ್ಪು. ಒಂದು ಸ್ಥೂಲ ಲೆಕ್ಕ ನೋಡಿ. ಗಾಡಿ ಸುಮಾರು 4 ಮೀಟರ್ ಉದ್ದ, 1.75 ಮೀಟರ್ ಅಗಲ. ತಳದಿಂದ ಮೇಲಕ್ಕೆ ನೀರು 15 ಸೆಂಟಿಮೀಟರ್ ಏರಿದರೆ, ಅದು ಗಾಡಿಯನ್ನು ಮೇಲಕ್ಕೆತ್ತುವ ಬಲ ಸುಮಾರು 1000 ಕೆಜಿ. ಗಾಡಿಯ ತೂಕ 1200 ಕೆಜಿ ಆಸುಪಾಸು. ನೀರು ಒಳಗೆ ನುಗ್ಗುವ ಮೊದಲೇ ಟೈರ್‌ಗಳು ನೆಲದ ಹಿಡಿತ ಕಳೆದುಕೊಳ್ಳಬಹುದು. 20 ಸೆಂಟಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಸೇರಿಸಿದರೂ ನೀರಿನ ಆಳ ಮೊಣಕಾಲಿನವರೆಗೂ ಬೇಡ. ಹರಿಯುವ ನೀರಾದರೆ ಇನ್ನೂ ಅಪಾಯ. 1 ಅಡಿ ರಭಸದ ನೀರು ಹೆಚ್ಚಿನ ಕಾರುಗಳನ್ನು, 2 ಅಡಿ ನೀರು ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಸೇವೆ ಎಚ್ಚರಿಸುತ್ತದೆ.

ಎಂಜಿನ್ ಕಥೆ ಬೇರೆ. ಎಂಜಿನ್ ಉಸಿರಾಡುವ ದಾರಿಯಲ್ಲಿ ಗಾಳಿಯ ಬದಲು ನೀರು ಹೋದರೆ ಪಿಸ್ಟನ್ ಅದನ್ನು ಒತ್ತಲಾರದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನೇ ಹೈಡ್ರೋಲಾಕ್ ಎನ್ನುವುದು. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಇದಕ್ಕೆ ಪರಿಹಾರ ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇಕು.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಡರ್‌ಪಾಸ್‌ನ ನೀರಿನ ಆಳ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಏನು ಮಾಡಬೇಕು? ಆಳ ಗೊತ್ತಿಲ್ಲದ ನೀರು ಕಂಡರೆ ತಿರುಗಿಸಿಕೊಂಡು ಬನ್ನಿ. ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರು ಏರುತ್ತಿದ್ದರೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಬೇಗ ಹೊರಬನ್ನಿ. ತಡವಾದರೆ ಪವರ್ ವಿಂಡೋ ಕೆಲಸ ಮಾಡದಿರಬಹುದು. ‘ಹೆಡ್‌ರೆಸ್ಟ್ ಕಿತ್ತು ಗಾಜು ಒಡೆಯಿರಿ, ಅದನ್ನು ಮಾಡಿರುವುದೇ ಅದಕ್ಕೆ’ ಎಂಬ ಫಾರ್ವರ್ಡ್ ಸುಳ್ಳು. ಹೆಡ್‌ರೆಸ್ಟ್ ಇರುವುದು ಕುತ್ತಿಗೆಯ ರಕ್ಷಣೆಗೆ. ಗಾಜು ಒಡೆಯುವ ಸಣ್ಣ ಸುತ್ತಿಗೆಯೊಂದನ್ನು ಕೈಗೆ ಸಿಗುವ ಜಾಗದಲ್ಲಿ ಇಟ್ಟುಕೊಳ್ಳಿ. ಒಡೆಯಬೇಕಾದದ್ದು ಪಕ್ಕದ ಗಾಜಿನ ಮೂಲೆಯನ್ನು. ಮುಂದಿನ ಗಾಜು ಪದರ ಪದರವಾಗಿರುವುದರಿಂದ ಸುಲಭಕ್ಕೆ ಒಡೆಯದು.

ನಂಬಿಕೆ 2: ದೊಡ್ಡದಾಗಿ ಕಂಡರೆ ಸುರಕ್ಷಿತ

ಆಕಾರ ನೋಡಿ ಸುರಕ್ಷತೆ ಹೇಳಲಾಗದು. 2018ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 5 ಸ್ಟಾರ್ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್, ನಿಜ. ಆದರೆ 2020ರಲ್ಲಿ ಆಲ್ಟ್ರೋಜ್ ಎಂಬ ಹ್ಯಾಚ್‌ಬ್ಯಾಕ್‌ಗೂ, 2024ರಲ್ಲಿ ಡಿಜೈರ್ ಎಂಬ ಸೆಡಾನ್‌ಗೂ 5 ಸ್ಟಾರ್ ಸಿಕ್ಕಿತು. ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ನೀವು ಕೊಳ್ಳುವ ಮಾಡೆಲ್‌ಗೆ ಎಷ್ಟು ಸ್ಟಾರ್ ಎಂದು ನೋಡಿ.

ಎತ್ತರದ ಗಾಡಿಗೆ ಒಂದು ದೌರ್ಬಲ್ಯವೂ ಇದೆ. ಅದರ ಭಾರಕೇಂದ್ರ ಮೇಲಿರುತ್ತದೆ. ವೇಗವಾಗಿ ಹೋಗುತ್ತಾ ಸ್ಟೀರಿಂಗ್ ಗಕ್ಕನೆ ತಿರುಗಿಸಿದರೆ ತಗ್ಗಿನ ಕಾರಿಗಿಂತ ಇದು ಮಗುಚುವ ಸಾಧ್ಯತೆ ಹೆಚ್ಚು. ಮೇಲೆ ಕ್ಯಾರಿಯರ್‌ನಲ್ಲಿ ಲಗೇಜು ಕಟ್ಟಿದರೆ ಇನ್ನೂ ಹೆಚ್ಚು. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇಂಥ ಸಮಯದಲ್ಲಿ ಗಾಡಿಯನ್ನು ಹಿಡಿತಕ್ಕೆ ತರಲು ನೆರವಾಗುತ್ತದೆ. ಸನ್‌ರೂಫ್ ಇದೆಯೇ ಎಂದು ಕೇಳುವ ಮೊದಲು ಇದನ್ನು ಕೇಳಿ.

ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವುದೂ ರಕ್ಷಣೆಯಲ್ಲ. ಡಿಕ್ಕಿಯ ಹೊಡೆತ ಹೀರಿಕೊಳ್ಳಬೇಕಾದ ಭಾಗಗಳ ಕೆಲಸವನ್ನು ಅದು ಕೆಡಿಸುತ್ತದೆ, ಏರ್‌ಬ್ಯಾಗ್ ಸರಿಯಾದ ಕ್ಷಣಕ್ಕೆ ಬಿಚ್ಚಿಕೊಳ್ಳಲು ಅಡ್ಡಿಯಾಗಬಹುದು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ಕಾನೂನುಬಾಹಿರ ಎಂದು ಹೇಳಿದೆ. ಇನ್ನು ಸೀಟ್ ಬೆಲ್ಟ್ ಹಾಕದಿದ್ದರೆ ಎಷ್ಟು ಏರ್‌ಬ್ಯಾಗ್ ಇದ್ದರೂ ಉಪಯೋಗವಿಲ್ಲ. ಹಿಂದೆ ಕೂತವರಿಗೂ ಇದು ಅನ್ವಯ.

ನಂಬಿಕೆ 3: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಮೈಲೇಜ್ ಉಳಿಯುತ್ತದೆ

ಇದು ಬಹಳ ಹಳೆಯ, ಬಹಳ ಅಪಾಯದ ಸಲಹೆ. ಈಗಿನ ಎಂಜಿನ್‌ಗಳು ಗೇರ್‌ನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಆಫ್ ಆಗದಂತೆ ಸ್ವಲ್ಪ ಸ್ವಲ್ಪ ಇಂಧನ ಸುಡುತ್ತಲೇ ಇರಬೇಕು. ಅಂದರೆ ಉಳಿತಾಯವೂ ಇಲ್ಲ.

ಅಪಾಯ ಇರುವುದು ಬ್ರೇಕ್‌ನಲ್ಲಿ. ಚಾರ್ಮಾಡಿ, ಶಿರಾಡಿ, ಆಗುಂಬೆಯಂಥ ಘಾಟಿಯಲ್ಲಿ ತುಂಬಿದ ಗಾಡಿಯನ್ನು ಬರೀ ಬ್ರೇಕ್‌ನಿಂದ ಹಿಡಿದರೆ ಬ್ರೇಕ್ ವಿಪರೀತ ಕಾಯುತ್ತದೆ. ಬ್ರೇಕ್ ಆಯಿಲ್ ಕುದಿಯುವ ಮಟ್ಟಕ್ಕೆ ಹೋದರೆ ಗುಳ್ಳೆಗಳೇಳುತ್ತವೆ, ಪೆಡಲ್ ಒತ್ತಿದರೂ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ ಗೇರ್ ಇರಲಿ. ವೇಗವನ್ನು ಎಂಜಿನ್ ಹಿಡಿದುಕೊಳ್ಳುತ್ತದೆ, ಬ್ರೇಕ್‌ಗೆ ಬಿಡುವು ಸಿಗುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಬ್ರೇಕ್ ಮತ್ತು ಸ್ಟೀರಿಂಗ್ ಎರಡೂ ಬಿಗಿಯಾಗುತ್ತವೆ.

ನಂಬಿಕೆ 4: ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ಸ್ಫೋಟ

ಪ್ರತಿ ಏಪ್ರಿಲ್‌ನಲ್ಲಿ ಇಂಡಿಯನ್ ಆಯಿಲ್ ಹೆಸರಿನಲ್ಲಿ ಈ ‘ಎಚ್ಚರಿಕೆ’ ಬರುತ್ತದೆ. ತಾನು ಇಂಥ ಎಚ್ಚರಿಕೆ ಕೊಟ್ಟಿಲ್ಲ ಎಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಬಿಸಿಲಿಗೆ ಇಂಧನ ಹಿಗ್ಗುವುದನ್ನು ಲೆಕ್ಕ ಹಾಕಿಯೇ ಟ್ಯಾಂಕ್ ಮಾಡಿರುತ್ತಾರೆ. ಪಂಪ್‌ನ ನಳಿಕೆ ತಾನೇ ಟಕ್ ಎಂದು ನಿಂತ ಮೇಲೆ ಮತ್ತೆ ತುಂಬಿಸಬೇಡಿ, ಅಷ್ಟು ಸಾಕು. ‘ಬೆಳಗ್ಗೆ ಬೇಗ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ’ ಎಂಬುದರಲ್ಲೂ ಹುರುಳಿಲ್ಲ. ಬಂಕ್‌ನ ಟ್ಯಾಂಕ್ ನೆಲದಡಿ ಇರುವುದರಿಂದ ಅಲ್ಲಿನ ಉಷ್ಣತೆ ದಿನದಲ್ಲಿ ಅಷ್ಟೇನೂ ಬದಲಾಗುವುದಿಲ್ಲ.

ಎಥನಾಲ್ ಬೆರೆತ ಇ20 ಪೆಟ್ರೋಲ್ ವಿಷಯದಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ನಿಮ್ಮ ಗಾಡಿ ಹಳೆಯದಾದರೆ ಇ20ಗೆ ಹೊಂದುತ್ತದೆಯೇ ಎಂದು ಮ್ಯಾನುವಲ್‌ನಲ್ಲಿ ಅಥವಾ ಇಂಧನ ಮುಚ್ಚಳದ ಬಳಿಯ ಸ್ಟಿಕ್ಕರ್‌ನಲ್ಲಿ ನೋಡಿ.

ಮಾಲೀಕರು ತಾವೇ ನೋಡಿಕೊಳ್ಳಬಹುದಾದವು

ಮೆಕ್ಯಾನಿಕ್ ಆಗಬೇಕಿಲ್ಲ. ತಿಂಗಳಿಗೆ 15 ನಿಮಿಷ ಕೊಟ್ಟರೆ ಸಾಕು.

ಟೈರ್: ಎಷ್ಟು ಗಾಳಿ ಬೇಕೆಂಬುದು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿದೆ. ಟೈರ್‌ನ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದನ್ನು ಅನುಸರಿಸಬೇಡಿ. ಗಾಡಿ ಓಡಿಸಿ ಟೈರ್ ಬಿಸಿಯಾಗುವ ಮುಂಚೆ, 15 ದಿನಕ್ಕೊಮ್ಮೆ ಗಾಳಿ ನೋಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ. ನೈಟ್ರೋಜನ್ ಹಾಕಿಸಿದರೆ ತಪ್ಪಿಲ್ಲ, ಆದರೆ ಮಾಮೂಲಿ ಗಾಳಿಯಲ್ಲೂ ಶೇ. 78 ನೈಟ್ರೋಜನ್ನೇ ಇದೆ. ಟೈರ್ ಗಾಡಿಯ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಬದಲಿಸಲೇಬೇಕು. ಟೈರ್ ಮೇಲಿನ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ಹೊಸ ಟೈರ್ ಕೊಳ್ಳುವಾಗ ಇದನ್ನು ನೋಡಿಯೇ ದುಡ್ಡು ಕೊಡಿ.

ಎಂಜಿನ್ ಆಯಿಲ್: ಹೆಚ್ಚಿನ ಗಾಡಿಗಳಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ‘ನಾನು ಓಡಿಸಿದ್ದೇ 4,000’ ಎಂದು ಎರಡು ವರ್ಷ ಬಿಡಬೇಡಿ. ಆಯಿಲ್ ನಿಂತಲ್ಲೂ ಹಳೆಯದಾಗುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ. ಎರಡು ಗುರುತುಗಳ ನಡುವೆ ಇರಬೇಕು.

ಕೂಲಂಟ್: ಎಂಜಿನ್ ತಣ್ಣಗಿದ್ದಾಗ ಮಾತ್ರ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ನಲ್ಲಿ ನೀರು ಸುರಿಯುವುದು ಅಭ್ಯಾಸವಾಗಬಾರದು. ಒಳಗೆ ತುಕ್ಕು ಹಿಡಿಯುತ್ತದೆ.

ಬ್ರೇಕ್ ಆಯಿಲ್: ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸರ್ವಿಸ್ ಬಿಲ್‌ನಲ್ಲಿ ಇದಿದೆಯೇ ಎಂದು ನೋಡಿ.

ಫಿಲ್ಟರ್ ಮತ್ತು ಬ್ಯಾಟರಿ: ಧೂಳಿನ ಊರಿನಲ್ಲಿ ಏರ್ ಫಿಲ್ಟರ್, ಎಸಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತವೆ. ಎಸಿ ಗಾಳಿ ಕಡಿಮೆ ಬರುತ್ತಿದ್ದರೆ ಗ್ಯಾಸ್ ಹಾಕಿಸುವ ಮೊದಲು ಫಿಲ್ಟರ್ ನೋಡಿಸಿ. ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ತಿಣುಕಿದರೆ ಅದು ಮುನ್ಸೂಚನೆ.

ಡೀಸೆಲ್ ಗಾಡಿಯಿದ್ದರೆ: 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ಒಂದಷ್ಟು ದೂರ ಓಡಿಸಿ. ನಿಮ್ಮ ಓಡಾಟ ಬರೀ ಊರೊಳಗೇ ಆದರೆ ಪೆಟ್ರೋಲ್ ಗಾಡಿಯೇ ವಾಸಿ.

ಎಚ್ಚರಿಕೆ ದೀಪ: ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ. ಹಳದಿ ಹತ್ತಿದರೆ ಬೇಗ ಗ್ಯಾರೇಜಿಗೆ ತೋರಿಸಿ. ಆಯಿಲ್ ಒತ್ತಡದ ಕೆಂಪು ದೀಪ ಉರಿಯುತ್ತಿರುವಾಗ ‘ಇನ್ನು ಎರಡೇ ಕಿಲೋಮೀಟರ್, ಮನೆ ಸೇರಿಬಿಡೋಣ’ ಎಂದರೆ ಎಂಜಿನ್ ಜಾಮ್ ಆಗಬಹುದು.

ಕಾಗದಪತ್ರ: ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕೊಡುತ್ತಾರೆ. ಆದರೆ ನಿಮ್ಮ ಗಾಡಿಯ ಹಾನಿಗೆ ಸಿಗುವ ವಿಮೆ ಬಹುತೇಕ ಒಂದೇ ವರ್ಷದ್ದು. ‘ಮೂರು ವರ್ಷ ಇದೆ’ ಎಂದು ಮರೆತವರು ಅಪಘಾತವಾದಾಗ ಪೂರ್ತಿ ಖರ್ಚು ತಾವೇ ಭರಿಸಬೇಕಾಗುತ್ತದೆ. ಪಾಲಿಸಿಯಲ್ಲಿ ಎರಡು ದಿನಾಂಕಗಳನ್ನೂ ಇಂದೇ ನೋಡಿ. ಕಾರು ಕೊಂಡು ಒಂದು ವರ್ಷವಾದ ಮೇಲೆ ಹೊಗೆ ತಪಾಸಣೆ ಪ್ರಮಾಣಪತ್ರವೂ ಬೇಕು.

ಕೊನೆಯದಾಗಿ

ಕಾಂಪ್ಯಾಕ್ಟ್ ಎಸ್‌ಯುವಿ ಒಳ್ಳೆಯ ಗಾಡಿ. ನಮ್ಮ ರಸ್ತೆಗೆ, ಮನೆಯ ಹಿರಿಯರಿಗೆ ಅನುಕೂಲವಾದ ಗಾಡಿ. ಆದರೆ ಅದು ಎತ್ತರಿಸಿದ ಕಾರು ಅಷ್ಟೇ. ನೀರು, ಘಾಟಿ, ವೇಗ ಇವುಗಳ ಮುಂದೆ ಉಳಿದ ಕಾರುಗಳಿಗಿರುವ ಮಿತಿಗಳೇ ಇದಕ್ಕೂ ಇವೆ.

ಮುಂದಿನ ಸಲ ಗುಂಪಿನಲ್ಲಿ ನೀರು ಸೀಳಿಕೊಂಡು ಹೋಗುವ ಗಾಡಿಯ ವಿಡಿಯೋ ಬಂದರೆ ಅದನ್ನು ಹಾಗೇ ಮುಂದೆ ಕಳಿಸಬೇಡಿ. ಅದರ ಕೆಳಗೆ ‘ಆಳ ಗೊತ್ತಿಲ್ಲದ ನೀರಿಗೆ ಯಾವ ಗಾಡಿಯನ್ನೂ ಇಳಿಸಬೇಡಿ, ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ’ ಎಂದು ಒಂದು ಸಾಲು ಸೇರಿಸಿ. ಹೊಸದಾಗಿ ಕಾರು ಕೊಂಡ ನಿಮ್ಮ ತಮ್ಮನೋ, ಅಕ್ಕನೋ ಅದನ್ನು ಓದಿ ಒಂದು ಮಳೆಯ ರಾತ್ರಿ ಅಂಡರ್‌ಪಾಸ್ ಮುಂದೆ ಗಾಡಿ ತಿರುಗಿಸಿಕೊಂಡು ಬಂದರೆ ಅಷ್ಟೇ ಸಾಕು.